ಆಂಥೂರಿಯಂ ಕುಂಡ ಬದಲಿಸುವುದು ಹೇಗೆ: ಕೊಡಗಿನ ಮಳೆ, ಚಳಿ ನೋಡಿಕೊಂಡು

ನಾನು ಮೊದಲ ಸಲ ಆಂಥೂರಿಯಂ ಕುಂಡ ಬದಲಿಸಿದ್ದು ಒಂದು ಜೂನ್ ತಿಂಗಳ ಕೊನೆಯಲ್ಲಿ. ಕಾಫಿ ತೋಟದ ಕಪ್ಪು ಮಣ್ಣು, ಅದಕ್ಕೆ ಅರ್ಧದಷ್ಟು ಹಟ್ಟಿಗೊಬ್ಬರ, ಹೊಸ ದೊಡ್ಡ ಸಿಮೆಂಟ್ ಕುಂಡ. ಗಿಡಕ್ಕೆ ಹಬ್ಬದೂಟ ಬಡಿಸಿದೆ ಅಂತ ಒಳಗೊಳಗೇ ಖುಷಿಪಟ್ಟಿದ್ದೆ. ಕಕ್ಕಡ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯ ತಿಂಗಳು, ಮುಗಿಯುವಷ್ಟರಲ್ಲಿ ಆರರಲ್ಲಿ ನಾಲ್ಕು ಗಿಡ ಹೋದವು. ಒಂದನ್ನು ಎಲೆ ಹಿಡಿದು ಮೆಲ್ಲಗೆ ಎಳೆದೆ. ಬುಡವೇ ಕೈಗೆ ಬಂತು. ಕೆಳಗೆ ಬೇರು ಅನ್ನುವುದೇ ಇರಲಿಲ್ಲ, ಕಂದು ಬಣ್ಣದ ಲೋಳೆ ಮಾತ್ರ. ಜಗಲಿಯಲ್ಲಿ ಕೂತಿದ್ದ ಅತ್ತೆ ನೋಡಿ, "ಇದು ನೀರಿಲ್ಲದೆ ಸತ್ತದ್ದಲ್ಲ ಮಗಳೇ, ಉಸಿರು ಕಟ್ಟಿ ಸತ್ತದ್ದು" ಅಂದರು.

ಆಮೇಲೆ ಅವರೇ ಅಂಗಳದಾಚೆಯ ಹಲಸಿನ ಮರ ತೋರಿಸಿದರು. ಕೊಂಬೆಯ ಕವಲಲ್ಲಿ ಮರಕೆಸು ಎದ್ದಿತ್ತು. ಪತ್ರೊಡೆಗೆ ಕೀಳುತ್ತೇವಲ್ಲ, ಅದೇ. ಅಷ್ಟು ಮಳೆ ಅದರ ಮೇಲೂ ಸುರಿಯುತ್ತಿತ್ತು. ಒಂದೆಲೆಯೂ ಕೊಳೆತಿರಲಿಲ್ಲ. ಕವಲಲ್ಲಿ ಇದ್ದದ್ದು ಒಂದು ಹಿಡಿ ತರಗೆಲೆ, ಸ್ವಲ್ಪ ಪಾಚಿ, ಅಷ್ಟೇ. ನೀರು ಬರುತ್ತದೆ, ಇಳಿದು ಹೋಗುತ್ತದೆ, ಬೇರಿನ ಸುತ್ತ ಗಾಳಿ ಆಡುತ್ತಲೇ ಇರುತ್ತದೆ.

ಆಂಥೂರಿಯಂ ಕೂಡ ಕೆಸುವಿನ ಕುಟುಂಬದ್ದೇ. ಇದರ ತವರು ಕೊಲಂಬಿಯಾ ಮತ್ತು ಈಕ್ವೆಡಾರ್‌ನ ತೇವದ ಕಾಡು. ನಾವು ಮನೆಗಳಲ್ಲಿ ಬೆಳೆಸುವ ದೊಡ್ಡ ಹೂವಿನ ಜಾತಿಯನ್ನು ಎಡ್ವಾರ್ ಆಂದ್ರೇ ಎಂಬ ಫ್ರೆಂಚ್ ಸಸ್ಯತಜ್ಞ 1876ರಲ್ಲಿ ಕೊಲಂಬಿಯಾದಲ್ಲಿ ಕಂಡು ಯುರೋಪಿಗೆ ಕಳಿಸಿದ. ಅದರ ಹೆಸರಿನಲ್ಲಿರುವ 'ಆಂಡ್ರಿಯಾನಮ್' ಬಂದದ್ದು ಅವನಿಂದಲೇ. ಅಲ್ಲಿ ಅದು ಮರದ ಮೇಲೆ, ಬೊಡ್ಡೆಯ ಬಳಿ, ತರಗೆಲೆಯ ಸಡಿಲ ರಾಶಿಯಲ್ಲಿ ಬೆಳೆಯುತ್ತದೆ. ಬೇರು ದಪ್ಪ, ಹೊರಗೆ ಸ್ಪಂಜಿನಂಥ ಹೊದಿಕೆ. ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆಯ ಬೇರು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಈ ಗಿಡಕ್ಕೆ ತೇವ ಬೇಕು, ಆದರೆ ಕೆಸರು ಆಗದು. ಹಾಗಾಗಿ ಕುಂಡ ಬದಲಿಸುವುದೆಂದರೆ ಗೊಬ್ಬರ ತುಂಬುವ ಕೆಲಸವಲ್ಲ. ಮರದ ಕವಲಿನಂಥ ಜಾಗವನ್ನು ಕುಂಡದೊಳಗೆ ಮಾಡಿಕೊಡುವ ಕೆಲಸ.

ಬದಲಿಸುವ ಹೊತ್ತು ಬಂದಿದೆಯಾ?

ಸಾಮಾನ್ಯವಾಗಿ ಎರಡರಿಂದ ಮೂರು ವರ್ಷಕ್ಕೊಮ್ಮೆ ಸಾಕು. ಆದರೆ ವರ್ಷ ಎಣಿಸುವುದಕ್ಕಿಂತ ಗಿಡ ನೋಡುವುದು ಒಳ್ಳೆಯದು. ಕುಂಡದ ತಳದ ತೂತಿನಿಂದ ಬೇರು ಇಣುಕುತ್ತಿದೆ. ನೀರು ಹಾಕಿದರೆ ಒಳಗೆ ನಿಲ್ಲದೆ ಅಂಚಿನಿಂದ ಜಾರಿ ಹೊರಗೆ ಬರುತ್ತಿದೆ, ಅಥವಾ ತದ್ವಿರುದ್ಧವಾಗಿ ಮೇಲೆಯೇ ನಿಲ್ಲುತ್ತಿದೆ. ಹೊಸ ಎಲೆಗಳು ಹಳೆಯದಕ್ಕಿಂತ ಚಿಕ್ಕವಾಗುತ್ತಿವೆ. ಇದರಲ್ಲಿ ಯಾವುದಾದರೂ ಎರಡು ಕಂಡರೆ ಕೆಲಸ ಇದೆ ಅಂತ ಅರ್ಥ.

ಇನ್ನೊಂದು ಗುರುತು ಇದೆ, ಅದನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಆಂಥೂರಿಯಂ ಮೇಲಕ್ಕೆ ಏರುತ್ತಾ ಬೆಳೆಯುವ ಗಿಡ. ಕೆಳಗಿನ ಎಲೆ ಉದುರಿದಂತೆ ಕಾಂಡ ಬರಿದಾಗಿ ಕೋಳಿ ಕತ್ತಿನ ಹಾಗೆ ಉದ್ದವಾಗುತ್ತದೆ. ಆ ಕತ್ತಿನಿಂದ ಗಾಳಿಬೇರುಗಳು ಹೊರಟು ಏನನ್ನಾದರೂ ಹಿಡಿಯೋಣ ಅಂತ ತಡಕಾಡುತ್ತವೆ. ಇದು ರೋಗವಲ್ಲ. "ನನ್ನನ್ನು ಸ್ವಲ್ಪ ಕೆಳಗಿಳಿಸು" ಅಂತ ಗಿಡ ಕೇಳುವ ರೀತಿ. ದಯವಿಟ್ಟು ಆ ಬೇರುಗಳನ್ನು ಚಂದಕ್ಕೆಂದು ಕತ್ತರಿಸಬೇಡಿ. ಮುಂದೆ ಅವೇ ನಮ್ಮ ಆಸ್ತಿ.

ತಿಂಗಳು ಯಾವುದು

ಬೆಂಗಳೂರಿನವರು ಬರೆದ ಕ್ಯಾಲೆಂಡರ್ ನಮಗೆ ಆಗಿಬರುವುದಿಲ್ಲ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಭಾಗಮಂಡಲದಲ್ಲಿ ಇನ್ನೂ ಜಾಸ್ತಿ. ಕುಶಾಲನಗರಕ್ಕೆ ಇಳಿದರೆ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ, ಆದರೆ ಕುಂಡದ ಮಟ್ಟಿಗೆ ಎರಡು ಬೇರೆ ಊರು.

ನನ್ನ ಅನುಭವದಲ್ಲಿ ಅತ್ಯುತ್ತಮ ಸಮಯ ಕಾಫಿ ಹೂಮಳೆ ಬಿದ್ದ ನಂತರ. ಅಂದರೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದವರೆಗೆ. ಬಿಸಿ ಇರುತ್ತದೆ, ಗಾಳಿಯಲ್ಲಿ ತೇವ ಬಂದಿರುತ್ತದೆ, ಬೇರು ಓಡುವ ಹುಮ್ಮಸ್ಸಿನಲ್ಲಿ ಇರುತ್ತದೆ. ಮುಂಗಾರು ಹಿಡಿಯುವ ಮೊದಲು ಮೂರ್ನಾಲ್ಕು ವಾರ ಸಿಕ್ಕಿದರೆ ಗಾಯ ಒಣಗಿ ಹೊಸ ಬೇರು ಬಂದಿರುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಗಿಡ ತಡೆದುಕೊಳ್ಳುತ್ತದೆ.

ಅದು ತಪ್ಪಿದರೆ ಕೈಲ್‌ಪೊಳ್ದ್ ಹಬ್ಬ ಕಳೆದು, ಬಿಸಿಲು ಇಣುಕುವ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮಾಡಬಹುದು. ತುಲಾ ಸಂಕ್ರಮಣಕ್ಕೆ ಮೊದಲು ಮುಗಿಸಿ. ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬದ ಹೊತ್ತಿಗೆ ರಾತ್ರಿ ಚಳಿ ಶುರುವಾಗುತ್ತದೆ. 15 ಡಿಗ್ರಿಗಿಂತ ಕೆಳಗೆ ಇಳಿದರೆ ಈ ಗಿಡ ಬೆಳವಣಿಗೆ ನಿಲ್ಲಿಸಿ ಮುದುಡಿ ಕೂರುತ್ತದೆ. ಕಡಿದ ಬೇರು ಆಗ ಗುಣವಾಗುವುದಿಲ್ಲ.

ಇಲ್ಲಿ ಒಂದು ಆಸೆಗೆ ಕಡಿವಾಣ ಬೇಕು. ಮಡಿಕೇರಿಯ ರಾಜಾಸೀಟಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತೇವೆ, ಹೂ ಬಿಟ್ಟ ಗಿಡ ಕಂಡು ಕೈ ತಡೆಯುವುದಿಲ್ಲ, ಮನೆಗೆ ತಂದ ಮರುದಿನವೇ ಕುಂಡ ಬದಲಿಸಲು ಕೂರುತ್ತೇವೆ. ಬೇಡ. ಚಳಿಗಾಲದಲ್ಲಿ ತಂದದ್ದನ್ನು ತಂದ ಕುಂಡದಲ್ಲೇ ಬಿಟ್ಟು, ಒಳಗಿನ ಬೆಳಕಿನ ಜಾಗದಲ್ಲಿ ಇಟ್ಟು, ಹೂಮಳೆಗೆ ಕಾಯಿರಿ.

ಬೇರು ಕೊಳೆಯುತ್ತಿರುವುದು ಖಾತ್ರಿಯಾದರೆ ಮಾತ್ರ ತಿಂಗಳು ನೋಡುತ್ತಾ ಕೂರಬೇಡಿ. ಕಕ್ಕಡವೇ ಇರಲಿ, ಅವತ್ತೇ ತೆಗೆಯಬೇಕು.

ಕುಂಡ

ಈಗಿನ ಬೇರಿನ ಗಡ್ಡೆಯ ಸುತ್ತ ಎರಡು ಬೆರಳು ಜಾಗ ಸಿಗುವಷ್ಟು ದೊಡ್ಡದು ಸಾಕು. 6 ಇಂಚಿನದ್ದರಿಂದ 8 ಇಂಚಿಗೆ, 8ರಿಂದ 10ಕ್ಕೆ. ಒಮ್ಮೆಲೇ ಭಾರಿ ಕುಂಡಕ್ಕೆ ಹಾಕಿದರೆ ಬೇರಿಲ್ಲದ ಜಾಗದಲ್ಲಿ ತೇವ ಹಾಗೇ ಉಳಿದು ಕೊಳೆ ಶುರುವಾಗುತ್ತದೆ.

ಮಣ್ಣಿನ ಕುಂಡ ನನಗೆ ಇಷ್ಟ, ಮಳೆಗಾಲದಲ್ಲಿ ಅದು ಬದಿಯಿಂದಲೂ ಉಸಿರಾಡುತ್ತದೆ. ಕುಶಾಲನಗರ, ಶಿರಂಗಾಲ ಕಡೆಯವರಿಗೆ ಪ್ಲಾಸ್ಟಿಕ್ ಕುಂಡವೇ ಸರಿ, ಬೇಗ ಒಣಗುವುದಿಲ್ಲ. ಹೊಸ ಸಿಮೆಂಟ್ ಕುಂಡ ಮಾತ್ರ ಬೇಡ. ಅದರಿಂದ ಸುಣ್ಣ ಬಿಡುತ್ತದೆ. ಆಂಥೂರಿಯಂಗೆ ಸ್ವಲ್ಪ ಹುಳಿ ಗುಣದ, ಅಂದರೆ ಪಿಎಚ್ 5.5ರಿಂದ 6.5ರ ಒಳಗಿನ ಮಾಧ್ಯಮ (ಕುಂಡಕ್ಕೆ ತುಂಬುವ ಮಿಶ್ರಣ) ಬೇಕು. ತಳದಲ್ಲಿ ಒಂದೇ ತೂತು ಇದ್ದರೆ ಇನ್ನೂ ನಾಲ್ಕೈದು ಮಾಡಿ. ಹಳೆಯ ಕುಂಡವನ್ನು ಮತ್ತೆ ಬಳಸುವುದಾದರೆ ಉಜ್ಜಿ ತೊಳೆದು ಎರಡು ದಿನ ಬಿಸಿಲಿಗೆ ಕವುಚಿಡಿ.

ಒಳಗೆ ತುಂಬುವುದು

ಇಡೀ ಕೆಲಸದ ಜೀವಾಳ ಇದು. ನನ್ನ ಬಕೆಟ್ ಲೆಕ್ಕ ಹೀಗೆ: ತೆಂಗಿನ ಸಿಪ್ಪೆಯ ತುಂಡು 4 ಪಾಲು, ಇದ್ದಿಲು 2 ಪಾಲು, ಒಡೆದ ಹಂಚು ಅಥವಾ ಇಟ್ಟಿಗೆ ಚೂರು 2 ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ 1 ಪಾಲು. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗೆ ಎಲೆಗೊಬ್ಬರ ಅರ್ಧ ಪಾಲಿಗೆ ಇಳಿಸಿ. ಕುಶಾಲನಗರದ ಒಣ ಗಾಳಿಗೆ ಒಂದು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ.

ತೆಂಗಿನ ಸಿಪ್ಪೆಯನ್ನು ಒಂದು ಇಂಚಿನ ತುಂಡು ಮಾಡಿ. ಕತ್ತಿಯಲ್ಲಿ ಕೊಚ್ಚುವುದು ಕೈನೋವಿನ ಕೆಲಸ, ಮೊದಲು ಒಂದು ರಾತ್ರಿ ನೆನೆಸಿದರೆ ಸುಲಭ. ಆಮೇಲೆ ದೊಡ್ಡ ಟಬ್ಬಿನಲ್ಲಿ ಮುಳುಗಿಸಿ, ಮೇಲೆ ಕಲ್ಲಿಡಿ. ಮೊದಲ ದಿನದ ನೀರು ಥೇಟ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಚೆಲ್ಲಿ, ಹೊಸ ನೀರು ಹಾಕಿ. ನೀರು ತೆಳು ಚಹಾದ ಬಣ್ಣಕ್ಕೆ ಬರುವವರೆಗೆ ದಿನಾ ಬದಲಿಸಿ. ನಮ್ಮಲ್ಲಿ ಇದಕ್ಕೆ ಮೂರರಿಂದ ಐದು ದಿನ ಹಿಡಿಯುತ್ತದೆ. ಸಿಪ್ಪೆಯಲ್ಲಿರುವ ಒಗರು ಮತ್ತು ಉಪ್ಪಿನಂಶ ಹೋಗಬೇಕು, ಅದಕ್ಕೇ ಈ ಕಸರತ್ತು. ಕೋಕೋಪೀಟ್ ಇಟ್ಟಿಗೆಗೂ ಇದೇ ಸ್ನಾನ. ಒಮ್ಮೆ ನರ್ಸರಿಯೊಂದರಲ್ಲಿ "ತೊಳೆದದ್ದೇ ಅಕ್ಕಾ, ನೇರ ಹಾಕಿ" ಅಂದರು. ನಂಬಿ ಹಾಕಿದೆ. ಒಂದೇ ತಿಂಗಳಲ್ಲಿ ಎಲ್ಲ ಎಲೆಗಳ ತುದಿ ಕಾಗದ ಸುಟ್ಟ ಹಾಗೆ ಕಂದಾಯಿತು. ಈಗ ಯಾರು ಏನೇ ಹೇಳಲಿ, ನಾನೇ ತೊಳೆಯುತ್ತೇನೆ.

ಇದ್ದಿಲು ಒಲೆಯದ್ದೇ ಆಗಬಹುದು. ಕಾಫಿ ಗಿಡದ ಸೌದೆಯ ಇದ್ದಿಲು ಗಟ್ಟಿ, ಬೇಗ ಪುಡಿಯಾಗುವುದಿಲ್ಲ. ಆದರೆ ಬೂದಿ ಹೋಗುವಂತೆ ತೊಳೆಯಲೇಬೇಕು, ಬೂದಿಯೂ ಸುಣ್ಣದ ಹಾಗೆ ಹುಳಿ ಗುಣವನ್ನು ಕೊಲ್ಲುತ್ತದೆ. ಗೋಲಿಯಿಂದ ಅಡಿಕೆವರೆಗಿನ ಗಾತ್ರ ಇರಲಿ. ಹಂಚಿನ ಚೂರಿಗೂ ಅದೇ ಅಳತೆ. ಹಳೆ ಮನೆ ರಿಪೇರಿ ಆದ ಕಡೆ ಒಡೆದ ಮಂಗಳೂರು ಹಂಚು ರಾಶಿ ಬಿದ್ದಿರುತ್ತದಲ್ಲ, ಅದು ಚಿನ್ನ.

ಎಲೆಗೊಬ್ಬರವನ್ನು ಹಿಡಿಯಲ್ಲಿ ತೆಗೆದುಕೊಂಡರೆ ಎಲೆಯ ಆಕಾರ ಕಾಣಬಾರದು, ಮಳೆ ಬಿದ್ದ ಕಾಡಿನ ವಾಸನೆ ಬರಬೇಕು. ಅರೆಬರೆ ಕೊಳೆತದ್ದು ಕುಂಡದೊಳಗೆ ಬಿಸಿಯೇರುತ್ತದೆ. ಪಲ್ಪಿಂಗ್ ಮಾಡಿದ ಹಸಿ ಕಾಫಿ ಸಿಪ್ಪೆಯೂ ಹಾಗೇ. ತೋಟದಲ್ಲಿ ಬೇಕಾದಷ್ಟು ಸಿಗುತ್ತದೆ, ಪುಕ್ಕಟೆ ಬೇರೆ. ಆದರೂ ಕುಂಡಕ್ಕೆ ಬೇಡ. ತೋಟದ ಮಣ್ಣೂ ಬೇಡ. ಅದು ಕಾಫಿಗೆ ಒಳ್ಳೆಯ ಮಣ್ಣು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಂಡದಲ್ಲಿ ಎರಡು ತಿಂಗಳ ಮಳೆ ತಿಂದರೆ ಗಟ್ಟಿಯಾಗಿ ಕೂತುಬಿಡುತ್ತದೆ.

ಬೆರೆಸಿದ ಮೇಲೆ ಪರೀಕ್ಷೆ ಮಾಡಿ. ಕುಂಡ ತುಂಬಿ ಒಂದು ಚೊಂಬು ನೀರು ಸುರಿಯಿರಿ. ನಾಲ್ಕೈದು ಎಣಿಸುವಷ್ಟರಲ್ಲಿ ಕೆಳಗಿನಿಂದ ಹರಿಯಬೇಕು. ಒಂದು ಗಂಟೆ ಬಿಟ್ಟು ಬೆರಳು ತೂರಿಸಿದರೆ ತಂಪಾಗಿ, ಒದ್ದೆಯಾಗಿ ಇರಬೇಕು, ಬೆರಳಿಗೆ ನೀರು ಅಂಟಬಾರದು. ನೀರು ಮೇಲೆ ನಿಂತರೆ ಹಂಚಿನ ಚೂರು ಇನ್ನಷ್ಟು ಸೇರಿಸಿ.

ಕತ್ತಿ ಮತ್ತು ಒಂದು ರೋಗದ ಮಾತು

ಚೂಪಾದ ಚಾಕು, ಸರ್ಜಿಕಲ್ ಸ್ಪಿರಿಟ್, ಹತ್ತಿ, ರಬ್ಬರ್ ಕೈಗವಸು. ಕೈಗವಸು ಯಾಕೆಂದರೆ ಇದರ ರಸ ಕೆಸುವಿನ ಹಾಗೇ ತುರಿಸುತ್ತದೆ, ಕಾರಣವೂ ಅದೇ: ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಕಣ್ಣು ಉಜ್ಜಿಕೊಂಡೀರಿ, ಹುಷಾರು. ಮಕ್ಕಳು, ನಾಯಿಮರಿ ಎಲೆ ಜಗಿಯದಂತೆ ನೋಡಿಕೊಳ್ಳಿ.

ಸ್ಪಿರಿಟ್ ಯಾಕೆಂದರೆ ಬ್ಯಾಕ್ಟೀರಿಯಾದ ಅಂಗಮಾರಿ. ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಇದು ಆಂಥೂರಿಯಂನ ಅತಿ ಕೆಟ್ಟ ರೋಗ. ಹವಾಯಿ ದ್ವೀಪದಲ್ಲಿ ಈ ಹೂವಿನ ಕೃಷಿ ದೊಡ್ಡ ಉದ್ಯೋಗ. 1980ರ ದಶಕದಲ್ಲಿ ಈ ರೋಗ ನುಗ್ಗಿ ಎಷ್ಟೋ ಚಿಕ್ಕ ಬೆಳೆಗಾರರು ಕೈಚೆಲ್ಲಿದರು. ಹರಡುವುದು ಚಾಕುವಿನಿಂದ, ಎರಚುವ ನೀರಿನಿಂದ, ಒದ್ದೆ ಎಲೆ ಮುಟ್ಟಿದ ಕೈಯಿಂದ. ಎಲೆಯ ಅಂಚಿನಲ್ಲಿ ಎಣ್ಣೆ ಬಿದ್ದಂಥ ಮಚ್ಚೆ, ಆಮೇಲೆ ಅದು ಕಂದಾಗಿ ಸುತ್ತ ಹಳದಿ ಉಂಗುರ. ಕಾಂಡಕ್ಕೆ ಇಳಿದರೆ ಎಲೆ ಹಳದಿಯಾಗಿ ತೊಟ್ಟು ಮುಟ್ಟಿದರೆ ಕಳಚುತ್ತದೆ. ಇಳಿದ ಮೇಲೆ ಮದ್ದಿಲ್ಲ. ಕುಂಡ ಸಮೇತ ದೂರ ಒಯ್ದು ಗಿಡ ಸುಡುವುದೇ ಸರಿ.

ನಮ್ಮಲ್ಲಿ ಯಾರ ಮನೆಗೆ ಹೋದರೂ ಒಂದು ಮರಿ ಕಿತ್ತು ಕೊಡುವುದು, ನಾವೂ ಸೆರಗಿನಲ್ಲಿ ಸುತ್ತಿ ತರುವುದು ರೂಢಿ. ಚಂದದ ರೂಢಿಯೇ. ಆದರೆ ಬಂದ ಗಿಡವನ್ನು ಒಂದೂವರೆ ತಿಂಗಳು ಉಳಿದವುಗಳಿಂದ ದೂರ ಇಡಿ. ಪ್ರತಿ ಗಿಡ ಮುಗಿಸಿದ ಮೇಲೆ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ನಾನು ಎರಡು ಚಾಕು ಇಟ್ಟುಕೊಳ್ಳುತ್ತೇನೆ, ಒಂದು ಸ್ಪಿರಿಟ್ ಲೋಟದಲ್ಲಿ, ಒಂದು ಕೈಯಲ್ಲಿ.

ಗಿಡ ಹೊರತೆಗೆಯುವುದು, ಬೇರು ಓದುವುದು

ಹಿಂದಿನ ದಿನ ಸಂಜೆ ನೀರು ಹಾಕಿ. ಒಣ ಬೇರು ಕಡ್ಡಿಯ ಹಾಗೆ ಲಟಕ್ಕನೆ ಮುರಿಯುತ್ತದೆ, ನೀರು ಕುಡಿದ ಬೇರು ಬಾಗುತ್ತದೆ. ಬೆಳಿಗ್ಗೆ ಎಲೆ ಒಣಗಿದ ಮೇಲೆ ಶುರುಮಾಡಿ, ನೆರಳಿನಲ್ಲೇ.

ಕುಂಡವನ್ನು ಒರಗಿಸಿ ಮಲಗಿಸಿ. ಅಂಗೈಯಿಂದ ಸುತ್ತಲೂ ತಟ್ಟಿ, ತಿರುಗಿಸಿ, ಮತ್ತೆ ತಟ್ಟಿ. ಬುಡವನ್ನು ಎರಡು ಬೆರಳ ನಡುವೆ ಹಿಡಿದು ಗಡ್ಡೆಯನ್ನು ಜಾರಿಸಿಕೊಳ್ಳಿ. ಕಾಂಡ ಹಿಡಿದು ಎಳೆಯುವುದು ಮಾತ್ರ ಬೇಡ. ಮಣ್ಣಿನ ಕುಂಡದ ಒಳಗೋಡೆಗೆ ಬೇರು ಹಲ್ಲಿಯ ಹಾಗೆ ಅಂಟಿರುತ್ತದೆ. ಚಪ್ಪಟೆ ಚಾಕುವನ್ನು ಗೋಡೆಗುಂಟ ಒಂದು ಸುತ್ತು ಓಡಿಸಿ. ಆಗಲೂ ಬರದಿದ್ದರೆ ಕುಂಡ ಒಡೆಯಿರಿ. ಕುಂಡಕ್ಕೆ ನೂರು ರೂಪಾಯಿ ಹೋಗಬಹುದು, ಬೇರು ಹೋದರೆ ಒಂದು ವರ್ಷ ಹೋಗುತ್ತದೆ.

ಹಳೆಯ ಮಾಧ್ಯಮವನ್ನು ಬೆರಳಿನಿಂದ ಉದುರಿಸಿ, ಉಳಿದದ್ದನ್ನು ಬಕೆಟ್ ನೀರಿನಲ್ಲಿ ಅದ್ದಿ ಅಲ್ಲಾಡಿಸಿ. ಬೇರಿಗೆ ಬಿಗಿಯಾಗಿ ಅಂಟಿದ ಸಿಪ್ಪೆಯ ತುಂಡು ಗಟ್ಟಿಯಾಗಿದ್ದರೆ ಹಾಗೇ ಇರಲಿ. ಅದನ್ನು ಕಿತ್ತರೆ ಬೇರಿನ ಸಿಪ್ಪೆಯೂ ಜೊತೆಗೆ ಬರುತ್ತದೆ.

ಈಗ ಒಂದೊಂದೇ ಬೇರು ನೋಡಿ, ಅವಸರ ಬೇಡ. ಒಳ್ಳೆಯ ಬೇರು ಕೆನೆ ಬಿಳಿ ಅಥವಾ ತಿಳಿ ಕಂದು, ಹಿಚುಕಿದರೆ ಗಟ್ಟಿ. ತುದಿ ಹಸಿರೋ ಕೆಂಪೋ ಇದ್ದರೆ ಅದು ಈಗಲೂ ಓಡುತ್ತಿರುವ ಬೇರು. ಅನುಮಾನ ಬಂದ ಬೇರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಜಾರಿಸಿ. ಕೊಳೆತಿದ್ದರೆ ಹಿತುಕಿದ ಅವರೆಯ ಸಿಪ್ಪೆ ಕಳಚಿದ ಹಾಗೆ ಹೊರ ಹೊದಿಕೆ ಜಾರಿ ಕೈಗೆ ಬರುತ್ತದೆ, ಒಳಗೆ ಒಂದು ನೂಲು ಉಳಿಯುತ್ತದೆ. ಅದನ್ನು ಗಟ್ಟಿ ಜಾಗ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ಕತ್ತರಿಸಿದ ಬಾಯಿ ಬಿಳಿಯಾಗಿ ಕಾಣಬೇಕು. ನಡುವೆ ಕಂದು ಚುಕ್ಕೆ ಇದ್ದರೆ ಇನ್ನೂ ಸ್ವಲ್ಪ ಮೇಲೆ ಹೋಗಿ.

ಕುಂಡದ ತಳದಲ್ಲಿ ಸುತ್ತಿ ಸುತ್ತಿ ಚಕ್ಕುಲಿಯಾದ ಉದ್ದ ಬೇರುಗಳಿದ್ದರೆ ಮೂರನೇ ಒಂದು ಭಾಗದವರೆಗೆ ಕತ್ತರಿಸಬಹುದು. ಅದಕ್ಕಿಂತ ಹೆಚ್ಚು ಹೋಗಬೇಕಾಗಿ ಬಂದರೆ ಎಲೆಯನ್ನೂ ಕಡಿಮೆ ಮಾಡಿ, ಹಳೆಯದರಿಂದ ಶುರುಮಾಡಿ. ಆದರೆ ಮೂರ್ನಾಲ್ಕು ಒಳ್ಳೆಯ ಎಲೆ ಉಳಿಯಲೇಬೇಕು. ಬೆಳೆದ ಗಿಡದಲ್ಲಿ ಒಂದೊಂದು ಎಲೆಯ ಕಂಕುಳಲ್ಲಿ ಒಂದೊಂದು ಹೂ. ಎಲೆ ಲೆಕ್ಕವೇ ಹೂವಿನ ಲೆಕ್ಕ.

ಇರುವ ಹೂಗಳನ್ನು ಮಾತ್ರ ಕರುಣೆ ತೋರದೆ ಕತ್ತರಿಸಿ ಹೂದಾನಿಯಲ್ಲಿಡಿ, ಎರಡು ಮೂರು ವಾರ ಕೆಡುವುದಿಲ್ಲ. ಅಂದಹಾಗೆ ನಾವು ಹೂ ಅನ್ನುವ ಆ ಕೆಂಪು ಮೇಣದಂಥ ಭಾಗ ಹೂವಲ್ಲ, ಬಣ್ಣ ಬಂದ ಎಲೆ. ನಿಜವಾದ ಹೂಗಳು ನಡುವಿನ ಬತ್ತಿಯ ಮೇಲೆ ಸಾಸಿವೆಗಿಂತ ಚಿಕ್ಕದಾಗಿ ಒತ್ತೊತ್ತಾಗಿ ಇರುತ್ತವೆ.

ಕತ್ತರಿಸಿದ ಗಿಡವನ್ನು ನೆರಳಲ್ಲಿ ಒಂದೆರಡು ಗಂಟೆ ಹಾಗೇ ಬಿಡಿ. ಗಾಯದ ಬಾಯಿ ಒಣಗಲಿ. ಗಾಯಕ್ಕೆ ಇದ್ದಿಲ ಪುಡಿ ಒತ್ತುವವರೂ ಇದ್ದಾರೆ, ನಾನೂ ಒತ್ತುತ್ತೇನೆ. ಆದರೆ ತೋಟಕ್ಕೆ ಹೊಡೆದು ಉಳಿದ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು "ಇದಕ್ಕೂ ಒಂದು ಸುತ್ತು" ಅಂತ ಹೊಡೆಯಬೇಡಿ. ಕಾಳುಮೆಣಸಿಗೆ ಒಳ್ಳೆಯದಾದ ಅದರ ತಾಮ್ರ ಆಂಥೂರಿಯಂ ಎಲೆಯನ್ನು ಸುಡಬಲ್ಲದು.

ಮರಿ ಬೇರೆ ಮಾಡುವುದು, ಉದ್ದ ಕತ್ತು ಇಳಿಸುವುದು

ಬುಡದ ಮರಿಯಲ್ಲಿ ಎರಡು ಮೂರು ಎಲೆ, ಬೆರಳುದ್ದದ ಎರಡು ಮೂರು ಸ್ವಂತ ಬೇರು ಇದ್ದರೆ ಮಾತ್ರ ಬೇರ್ಪಡಿಸಿ. ಕೈಯಿಂದ ತಿರುಚಿದಾಗ ತಾನೇ ಬಿಟ್ಟರೆ ಒಳ್ಳೆಯದು, ಇಲ್ಲವಾದರೆ ಒಂದೇ ಏಟಿನಲ್ಲಿ ಚಾಕು ಹಾಕಿ. ಬೇರಿಲ್ಲದ ಮರಿಯನ್ನು ಕಿತ್ತು ತಂದು "ಬದುಕಲಿಲ್ಲ" ಅಂದರೆ ತಪ್ಪು ಮರಿಯದ್ದಲ್ಲ, ಅಲ್ವಾ?

ಕತ್ತು ಉದ್ದವಾದ ಗಿಡಕ್ಕೆ ಎರಡು ದಾರಿ. ಕತ್ತು ಗೇಣಿನೊಳಗೆ ಇದ್ದರೆ ಗಿಡವನ್ನು ಇಡಿಯಾಗಿ ಆಳಕ್ಕೆ ಇಳಿಸಿ, ಗಾಳಿಬೇರುಗಳೆಲ್ಲ ಮಾಧ್ಯಮದ ಒಳಗೆ ಬರುವಂತೆ. ಅದಕ್ಕಿಂತ ಉದ್ದವಾದರೆ ಮೇಲಿನ ನಾಲ್ಕೈದು ಎಲೆಯ ತಲೆಯನ್ನು, ಕಡಿಮೆಯೆಂದರೆ ಮೂರು ಗಾಳಿಬೇರು ಅದರ ಪಾಲಿಗೆ ಬರುವಂತೆ ಕತ್ತರಿಸಿ. ತಲೆ ಹೊಸ ಕುಂಡಕ್ಕೆ. ಉಳಿದ ಬೋಳು ಮೋಟನ್ನು ಎಸೆಯಬೇಡಿ. ಹಳೆಯ ಕುಂಡದಲ್ಲೇ ನೆರಳಲ್ಲಿ ಇಟ್ಟು, ಸುಮ್ನೆ ಸ್ವಲ್ಪ ತೇವ ಕಾಯ್ದುಕೊಳ್ಳಿ. ಎರಡು ಮೂರು ತಿಂಗಳಲ್ಲಿ ಗಿಣ್ಣಿನಿಂದ ಕೆಂಪು ಮೊಗ್ಗಿನಂಥ ಚಿಗುರು ಒಡೆಯುತ್ತದೆ. ನನ್ನ ಮೊದಲ ಆರರಲ್ಲಿ ಉಳಿದ ಎರಡರಿಂದ ಇವತ್ತಿನ ಮೂವತ್ತು ಕುಂಡ ಆದದ್ದು ಹೀಗೆಯೇ.

ನೆಡುವುದು

ತಳದ ತೂತಿನ ಮೇಲೆ ಹಂಚಿನ ಬಾಗಿದ ಚೂರನ್ನು ಕವುಚಿಡಿ, ಎರಡು ಬೆರಳು ದಪ್ಪ ದೊಡ್ಡ ಚೂರು ಹರಡಿ. ಅದರ ಮೇಲೆ ಸ್ವಲ್ಪ ಮಿಶ್ರಣ. ಗಿಡ ಇಟ್ಟು ಎತ್ತರ ನೋಡಿ: ಅತಿ ಕೆಳಗಿನ ಎಲೆಯ ತೊಟ್ಟು ಹೊರಡುವ ಜಾಗ ಮಿಶ್ರಣದ ಮಟ್ಟಕ್ಕಿಂತ ಒಂದು ಬೆರಳು ಮೇಲೆ, ಮಿಶ್ರಣದ ಮಟ್ಟ ಕುಂಡದ ಬಾಯಿಗಿಂತ ಎರಡು ಬೆರಳು ಕೆಳಗೆ. ಚಿಗುರು ಬರುವ ನಡುಭಾಗ ಎಂದೂ ಹೂತು ಹೋಗಬಾರದು, ಅಲ್ಲಿ ನೀರು ನಿಂತರೆ ಗಿಡ ನಡುವಿನಿಂದ ಕೊಳೆಯುತ್ತದೆ.

ಬೇರುಗಳನ್ನು ಛತ್ರಿಯ ಕಡ್ಡಿಗಳ ಹಾಗೆ ಸುತ್ತ ಹರಡಿ, ನಡುನಡುವೆ ಮಿಶ್ರಣ ಬಿಡುತ್ತಾ ಹೋಗಿ. ಕೈಯಲ್ಲಿ ಒತ್ತುವುದಕ್ಕಿಂತ ಕುಂಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ತಾನೇ ಕೂರುತ್ತದೆ. ಸಡಿಲ ಮಿಶ್ರಣದಲ್ಲಿ ಗಿಡ ಅಲ್ಲಾಡುವುದು ಸಹಜ. ಬಿದಿರ ಕಡ್ಡಿ ಊರಿ, ಬಾಳೆ ನಾರಿನಿಂದ ಸಡಿಲವಾಗಿ ಕಟ್ಟಿ. ಅಲ್ಲಾಡುತ್ತಿದ್ದರೆ ಹೊಸ ಬೇರಿನ ತುದಿ ಮತ್ತೆ ಮತ್ತೆ ಮುರಿಯುತ್ತದೆ. ಕೊನೆಗೆ ಮೇಲೆ ಒಂದು ಪದರ ನೆನೆದ ಸಿಪ್ಪೆಯ ತುಂಡು ಹಾಕಿ, ಕೆಳಗಿನಿಂದ ನೀರು ಸ್ವಚ್ಛವಾಗಿ ಬರುವವರೆಗೆ ಒಮ್ಮೆ ಚೆನ್ನಾಗಿ ಹಾಕಿ.

ಮೊದಲ ಆರು ವಾರ

ಬಿಸಿಲು ನೇರ ಬೀಳದ, ಆದರೆ ಪುಸ್ತಕ ಓದುವಷ್ಟು ಬೆಳಕಿರುವ ಜಾಗ. ಪೂರ್ವದ ಜಗಲಿ ಆಗಬಹುದು, 75 ಪರ್ಸೆಂಟ್ ಶೇಡ್ ನೆಟ್ಟಿನ ಕೆಳಗೂ ಆಗಬಹುದು. ಬೆಳಿಗ್ಗೆ ಒಮ್ಮೆ ಎಲೆಯ ಮೇಲೆ ಮಂಜಿನ ಹಾಗೆ ನೀರು ಚಿಮುಕಿಸಿ, ಸಂಜೆಯೊಳಗೆ ಅದು ಆರಿರಬೇಕು. ಕುಂಡಕ್ಕೆ ನೀರು ಬೆರಳು ನೋಡಿ ಹಾಕಿ, ಗಡಿಯಾರ ನೋಡಿ ಅಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೋರ್‌ವೆಲ್ ನೀರು ಹಾಕಿ ಪಾತ್ರೆಯಲ್ಲಿ ಬಿಳಿ ಕಟ್ಟುವ ಮನೆಗಳಲ್ಲಿ ಅದನ್ನು ಈ ಗಿಡಕ್ಕೆ ಹಾಕದಿರುವುದು ಲೇಸು.

ಒಂದೆರಡು ಹಳೆ ಎಲೆ ಹಳದಿಯಾಗುತ್ತದೆ, ಗಾಬರಿ ಬೇಡ. ಹೊಸದಾಗಿ ಬಂದ ಎಲೆ ಹಳದಿಯಾದರೆ ಮಾತ್ರ ಬೇರು ನೋಡಬೇಕು. ಗೊಬ್ಬರ ಬೇಡವೇ ಬೇಡ, ಹೊಸ ಎಲೆ ಬಿಚ್ಚಿಕೊಳ್ಳುವವರೆಗೆ. ಆಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿ ಇರುವುದು) ಲೀಟರ್ ನೀರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ. ಜಾಸ್ತಿ ಹಾಕಿದರೆ ಜಾಸ್ತಿ ಹೂ ಬರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎಲೆ ತುದಿ ಸುಡುತ್ತದೆ ಅಷ್ಟೇ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬರೀ ನೀರನ್ನು ಧಾರಾಳವಾಗಿ ಹರಿಸಿ ಉಪ್ಪು ತೊಳೆಯಿರಿ. ಮಳೆಗಾಲದಲ್ಲಿ ಆ ಕೆಲಸ ಆಕಾಶವೇ ಮಾಡುತ್ತದೆ.

ಹೂ ಎರಡು ಮೂರು ತಿಂಗಳು ಬರದಿರಬಹುದು.

ಮಳೆ ಹಿಡಿದಾಗ

ಹನಿ ಮಳೆ ಬಿದ್ದರೆ ತೊಂದರೆ ಇಲ್ಲ. ತೊಂದರೆ ಕೊಡುವುದು ಸೂರಿನ ನೀರು. ಹಂಚಿನ ಅಂಚಿನಿಂದ ಒಂದೇ ಜಾಗಕ್ಕೆ ಧಾರೆ ಬಿದ್ದು ಮಿಶ್ರಣವೆಲ್ಲ ಹೊರಗೆ ಹಾರುತ್ತದೆ, ಕೆಸರು ಎಲೆಗೆ ಚಿಮ್ಮುತ್ತದೆ, ಆ ಕೆಸರಿನೊಂದಿಗೇ ರೋಗವೂ. ಸೂರಿನಿಂದ ಎರಡಡಿ ಒಳಗೆ ಇಡಿ. ಕುಂಡದ ಕೆಳಗಿನ ತಟ್ಟೆ ಜೂನ್ ಒಂದಕ್ಕೇ ತೆಗೆದಿಡಿ. ಎರಡು ಇಟ್ಟಿಗೆಯ ಮೇಲೆ ಕೂರಿಸಿದರೆ ತೂತಿಗೆ ಗಾಳಿ ಸಿಗುತ್ತದೆ, ಎರೆಹುಳು ಒಳಗೆ ಹೋಗಿ ತೂತು ಮುಚ್ಚುವುದೂ ಇಲ್ಲ. ಕುಂಡ ಕುಂಡಕ್ಕೆ ಒಂದು ಗೇಣು ಅಂತರ ಬಿಡಿ, ಎಲೆಗೆ ಎಲೆ ತಾಗದಂತೆ.

ಬಸವನಹುಳು ಮಳೆಗಾಲದ ದೊಡ್ಡ ಕಾಟ, ಶನಿವಾರಸಂತೆ ಕಡೆಯವರಿಗೆ ಆಫ್ರಿಕಾದ ಆ ದಪ್ಪ ಹುಳದ ಪರಿಚಯ ನಾನು ಮಾಡಿಕೊಡಬೇಕಾಗಿಲ್ಲ. ಅವು ಹುಡುಕುವುದು ಹೊಸ ಬೇರಿನ ಹಸಿರು ತುದಿಯನ್ನೇ. ರಾತ್ರಿ ಎಂಟರ ನಂತರ ಟಾರ್ಚ್ ಹಿಡಿದು ಕುಂಡದ ತಳ ಎತ್ತಿ ನೋಡಿ, ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿನ ಡಬ್ಬಕ್ಕೆ ಹಾಕಿ. ಉಪ್ಪನ್ನು ಕುಂಡದ ಸುತ್ತ ಸುರಿಯುವವರಿದ್ದಾರೆ, ಹುಳದ ಜೊತೆ ಗಿಡಕ್ಕೂ ಅದೇ ಗತಿ.

ಹಳೆಯ ಕುಂಡದಿಂದ ತೆಗೆದ ಮಿಶ್ರಣವನ್ನು ಮತ್ತೊಂದು ಆಂಥೂರಿಯಂಗೆ ಬಳಸಬೇಡಿ. ಗಿಡ ಚೆನ್ನಾಗಿದ್ದದ್ದಾದರೆ ಕಾಫಿ ಬುಡಕ್ಕೆ ಹರಡಿ, ಸಿಪ್ಪೆ ಅಲ್ಲಿ ನಿಧಾನಕ್ಕೆ ಗೊಬ್ಬರವಾಗುತ್ತದೆ. ಎಣ್ಣೆ ಮಚ್ಚೆ ಬಂದ ಗಿಡದ್ದಾದರೆ ಅದನ್ನೂ ಗಿಡದ ಜೊತೆಗೇ ಬೆಂಕಿಗೆ ಹಾಕಿ, ಒಣಗಿಸಿಕೊಂಡು.